ವ್ಯಾಟಿಗೂ ಟೇಪು ಹಿಡಿದವರು

ನಮ್ಮ ಭಾವನವರ ಕೊರಳಿನಿಂದ ಅಳತೆಯ ಟೇಪು ಇಳಿದದ್ದನ್ನು ಅಕ್ಕ ಮದುವೆಯ ದಿನ ಒಮ್ಮೆ ಕಂಡಿದ್ದಳಂತೆ, ಅಷ್ಟೆ. ಕೋಟು ಹೊಲಿಯುವುದರಲ್ಲಿ ನುರಿತ ಈ ದರ್ಜಿ ಐವತ್ತೆರಡರ ಪ್ರಾಯದಲ್ಲಿ ಸೈಕಲ್ ಏರಿದಾಗಲೂ ಆ ಹಳದಿ ಟೇಪು ಹೆಲ್ಮೆಟ್ಟಿನ ಕೆಳಗೆ ಎರಡು ಬಾಲಗಳಾಗಿ ಹಾರಾಡುತ್ತಿತ್ತು. ಎಡಭುಜ ತುಸು ವಾಲಿಸಿ ನಡೆಯುವ, ಪ್ರತಿ ಮಾತಿನ ಕೊನೆಗೂ 'ಹೆಚ್ಚೂಕಡಿಮೆ ಇಲ್ಲ' ಎಂದು ಗಂಟು ಹಾಕುವ ಅವರಿಗೆ ಲೋಕವೆಲ್ಲ ಯಾರೋ ತಪ್ಪು ಅಳತೆಯಲ್ಲಿ ಕತ್ತರಿಸಿಟ್ಟ ಬಟ್ಟೆ.

ಹೋದ ವರ್ಷ ಗುಡ್ಡ ಹತ್ತುವ ಸೈಕಲ್ ಸ್ಪರ್ಧೆಯಲ್ಲಿ ಆರಂಭದಲ್ಲೇ ಹುಮ್ಮಸ್ಸಿನಿಂದ ಹಾರಿ, ಕೊನೆಯ ತಿರುವಿನಲ್ಲಿ ಉಸಿರು ಸೋತು, ಕಾಲೂರಿ ಸೈಕಲ್ ತಳ್ಳಿಕೊಂಡು ಬಂದಿದ್ದರು. ಈ ಸಲ ಕಾಲೂರದೆ ತುದಿ ಮುಟ್ಟಲೇಬೇಕೆಂಬ ಹಟ. ತುಳಿತದ ಬಲವನ್ನು ವ್ಯಾಟುಗಳಲ್ಲಿ ಅಳೆಯುವ ಪೆಡಲು ಮನೆಗೆ ಬಂತು. ಅಂಕಿಯನ್ನು ಕಣ್ಣಿಗೆ ತೋರಿಸುವ ಸೈಕಲ್ ಕಂಪ್ಯೂಟರ್ ಮಾತ್ರ ಅಗ್ಗದ್ದೇ ಆಗಬೇಕೆಂದು ಅಕ್ಕನ ಅಪ್ಪಣೆಯಾಯಿತು.

ಅಂಗಡಿಗೆ ಸಲಹೆಗಾರನಾಗಿ ಹೋದವನು ನಾನು. ಸೈಕಲ್ಲಿನಲ್ಲಿ ನನಗೆ ಬರುವ ವಿದ್ಯೆ ಬೆಲ್ಲು ಬಾರಿಸುವುದೊಂದೇ. ಅಂಗಡಿಯವರು ಬಣ್ಣದ ನಕ್ಷೆ ಬಿಚ್ಚಿಕೊಳ್ಳುವ ದುಬಾರಿ ಯಂತ್ರವನ್ನು ಹೊಗಳುತ್ತಿದ್ದಂತೆ ಭಾವ ಮೇಜಿನ ಮೇಲೆ ಸವಾರನಂತೆ ಬಾಗಿ, ಸವಾರಿಯಲ್ಲಿ ಹಾಕದ ಕನ್ನಡಕವನ್ನು ತೆಗೆದಿಟ್ಟು, ಟೇಪು ಎಳೆದರು.

"ಕಣ್ಣಿಂದ ಇಪ್ಪತ್ತಾರಿಂಚು. ಅಲ್ಲೇ ಹಿಡ್ಕೊಳ್ಳಿ." ಆಮೇಲೆ ಗುಡ್ಡದ ರಸ್ತೆಯ ಕುಲುಕಾಟದ ಲೆಕ್ಕಕ್ಕೆ ತಲೆಯನ್ನು ಗಡಗಡ ಅಲ್ಲಾಡಿಸಿದರು. "ಏನೂ ಕಾಣ್ತಿಲ್ಲ."

"ಸರ್, ಇದ್ರಲ್ಲಿ ದಾರಿ ಕಾಣುತ್ತೆ!"

"ದಾರಿ ರಸ್ತೆ ಮೇಲೇ ಇರುತ್ತಲ್ಲಪ್ಪ. ನನಗೆ ನನ್ನ ಕಾಲು ಕಾಣ್ಬೇಕು."

ಗೆದ್ದದ್ದು ಎಲ್ಲಕ್ಕಿಂತ ಅಗ್ಗದ ಕಪ್ಪು-ಬಿಳುಪಿನ ಡಬ್ಬಿ. ಅದರ ಅಂಕಿ ಹೆಬ್ಬೆರಳಿನಷ್ಟು ದಪ್ಪ. ಹೊರಗೆ ನಿಲ್ಲಿಸಿದ್ದ ಸೈಕಲ್ಲಿನ ಪೆಡಲಿನೊಂದಿಗೆ ಒಂದೇ ಸಲಕ್ಕೆ ಜೊತೆಯಾಯಿತು. ಭಾವ ಅಂಗಡಿಯವರ ಕೈ ಕುಲುಕಿದ ರಭಸಕ್ಕೆ ಅವರ ಗಡಿಯಾರ ಕಳಚಿತು.

ಆದರೆ ದರ್ಜಿಯ ಬುದ್ಧಿ ಹೋದೀತೆ? ನೂರ ಎಪ್ಪತ್ತು ವ್ಯಾಟಿನ ಅಭ್ಯಾಸಕ್ಕೆ ಹೊಲಿಗೆಯ ಅಂಚಿಗೆಂಬಂತೆ ಹತ್ತು ಸೇರಿಸಿ ತುಳಿದು, ದಿನವೂ ಸೋಫಾದ ಮೇಲೆ ಒಗೆದ ಬಟ್ಟೆಯಂತೆ ಬೀಳುತ್ತಿದ್ದರು. ಒಂದು ದಿನ ಅಕ್ಕ ರೇಗಿದಳು: "ಅಲ್ರೀ, ಕೋಟಿಗೆ ಹೆಚ್ಚಿನ ಬಟ್ಟೆ ಒಳಗಡೆ ಮಡಚಿಡ್ತೀರೋ, ಹೊರಗೆ ನೇತು ಹಾಕ್ತೀರೋ?"

ಭಾವ ಟೇಪನ್ನು ಬೆರಳಿಗೆ ಸುತ್ತುತ್ತ, ಹೊಲಿಯುತ್ತಿದ್ದ ಕೋಟೊಂದರ ಒಳಮಡಿಕೆಯನ್ನು ತಿರುವಿ ನೋಡಿದರು.

ಸ್ಪರ್ಧೆಯ ದಿನ ನಾನು ಅದೇ ಕೊನೆಯ ತಿರುವಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಹುಡುಗರ ಹಿಂಡೆಲ್ಲ ದಾಟಿತು. ಕಟ್ಟಕಡೆಗೆ ಹಳದಿ ಬಾಲಗಳು ಕಂಡವು.

"ಭಾವ, ಎಲ್ಲಾ ಹೋಗ್ಬಿಟ್ರು!"

"ಹೋಗ್ಲಿ ಬಿಡೋ! ನೂರ ಅರವತ್ತು, ಹೆಚ್ಚೂಕಡಿಮೆ ಇಲ್ಲ! ಹತ್ತು ಮಡಚಿಟ್ಟಿದೀನಿ. ಈಗ ಬಿಚ್ತೀನಿ ನೋಡು!"

ಪೆಡಲಿನ ಮೇಲೆ ಎದ್ದು ನಿಂತರು. ಆ ಎದೆಯಲ್ಲಿ ಅಷ್ಟು ಉಸಿರು ಎಲ್ಲಿತ್ತೋ! ನಾನೂ ಕೂಗುತ್ತ ಪಕ್ಕದಲ್ಲಿ ಓಡಿದೆ. ಇಪ್ಪತ್ತು ಹೆಜ್ಜೆಗೆ ಕುಸಿದು, ಅವರ ನೀರನ್ನು ನಾನೇ ಕುಡಿದೆ. ಅವರು ಗೆರೆ ದಾಟಿದರು. ದಾಟಿದ ಮೇಲೂ ನೆಲಕ್ಕೆ ಕಾಲು ಕೊಡಲು ಮನಸ್ಸಾಗದೆ ಗುಡ್ಡದ ತುದಿಯಲ್ಲಿ ಮೂರು ಸುತ್ತು ಹಾಕಿದರು.

ತಮ್ಮನ್ನು ತಾವು ಸರಿಯಾಗಿ ಅಳೆದುಕೊಂಡ ಇಂಥವರು ಏರಿನ ಬುಡದಲ್ಲಿ ಕಂಡವರಿಗೆ ಜಿಪುಣರಂತೆಯೇ ತೋರುತ್ತಾರೆ. ಒಳಗೆ ಎಷ್ಟು ಬಟ್ಟೆ ಮಡಚಿಟ್ಟಿದ್ದಾರೆಂಬುದನ್ನು ತಿಳಿಯಲು ಕೊನೆಯ ತಿರುವಿನವರೆಗೆ ಕಾಯಬೇಕು.