ಭಾಗಜ್ಜಿಯ ವಯಸ್ಸು

"ಹಲ್ಲು ತೋರ್ಸು ಅಂದ್ರೆ ಎಂತ ಸಾಯ್ಬ್ರೆ? ಪಿಂಚಣಿ ಕೊಡೂಕೆ ಬಂದದ್ದಾ, ಎತ್ತು ಕೊಳ್ಳೂಕೆ ಬಂದದ್ದಾ?"

ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ಹಾಗೆ ಕೇಳಿದ ಭಾಗಜ್ಜಿಯೂ ನಕ್ಕಳು. ಮೂವತ್ತೆರಡೂ ಹಲ್ಲು ಕಂಡವು. ತೊಂದರೆಯಾದದ್ದೇ ಅಲ್ಲಿ. ಗ್ರಾಮಲೆಕ್ಕಿಗ ಅಂದಾನಪ್ಪ ಪೆನ್ನು ಕೆಳಗಿಟ್ಟು ಹಣೆ ತಿಕ್ಕಿಕೊಂಡ.

"ಎತ್ತಿಗಾದ್ರ ಹಲ್ಲು ನೋಡಿ ವಯಸ್ಸು ಹೇಳಬಹುದರೀ ಆಯಿ. ನಿಮ್ಮನ್ನ ನೋಡಿದ್ರ ನನಗ ಅಕ್ಕ ಅನ್ನಂಗಾಕ್ಕತಿ."

ಹಾನಗಲ್ಲಿನ ಕಡೆಯವನಾದ ಅವನು ಇಡಗುಂದಿ ಸೀಮೆಗೆ ಬಂದು ಎರಡು ವರ್ಷವಾಗಿತ್ತು. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಎಂಬ ಪಿಂಚಣಿ ಆ ವರ್ಷವಷ್ಟೇ ಶುರುವಾಗಿತ್ತು. ಅದು ಬಂದ ಸುದ್ದಿ ಹೇಳಲು ಅವನು ಸಿದ್ದಿಯರ ಕೇರಿಗೆ ಮೂರು ಸಲ ಬೈಕು ತಳ್ಳಿಕೊಂಡು ಹೋಗಿದ್ದ. ಕೆಸರಲ್ಲಿ ಹೂತ ಚಕ್ರವನ್ನು ಎತ್ತಿಕೊಟ್ಟವಳು ಇದೇ ಭಾಗಜ್ಜಿ. ಆ ಕೇರಿಯ ಏಳು ಜನರ ಅರ್ಜಿ ಬೆಳಗಿನಿಂದ ತಯಾರಾಗಿತ್ತು. ಇವಳದೊಂದು ಮಾತ್ರ ನಿಂತಿತು. ಓಟಿನ ಕಾರ್ಡಿನಲ್ಲಿ ಇವಳಿಗೆ ಐವತ್ತೈದು.

"ಈ ಐವತ್ತೈದು ಎಲ್ಲಿಂದ ಬಂತು?" ಪಕ್ಕದಲ್ಲಿ ಕೂತು ಅರ್ಜಿ ತುಂಬಿಕೊಡುತ್ತಿದ್ದ ಹೆಡ್ ಮಾಸ್ತರ ಕಮಲಾಕರ ಹೆಗಡೆ ಕೇಳಿದರು.

"ಮಗ ಹುಚ್ಚನ ವಯಸ್ಸಿಗೆ ಹದಿನೆಂಟು ಕೂಡಿಸ್ಯಾರ್ರೀ ಸರ. ಅವಂದು ಶಾಲಿ ದಾಖಲೆದಾಗ ಎಪ್ಪತ್ತನೇ ಇಸವಿ, ಜೂನ್ ಒಂದು. ಅಂದ್ರ ಈಗ ಮೂವತ್ತೇಳು."

ಮಾಸ್ತರರು ತುಂಬುತ್ತಿದ್ದ ಅರ್ಜಿಯನ್ನು ಪಕ್ಕಕ್ಕಿಟ್ಟರು. ಆ ಜೂನ್ ಒಂದನ್ನು ಬರೆದದ್ದು ಅವರ ಕೈಯೇ. ಆಗ ಅವರಿಗೆ ಕೆಲಸ ಹೊಸದು. ಹನ್ನೊಂದು ವರ್ಷದ ಹುಚ್ಚ, ದನ ಬಿಟ್ಟು ಬಂದು ಶಾಲೆಯ ಕಿಟಕಿಗೆ ಗಲ್ಲ ಆನಿಸಿ ನಿಲ್ಲುತ್ತಿದ್ದ. ಹನ್ನೊಂದೆಂದು ಬರೆದರೆ ಒಂದನೇ ಇಯತ್ತೆಗೆ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಆರು ಎಂದು ಬರೆದು ಒಳಗೆ ಕೂರಿಸಿದ್ದರು. ಊರಿಗೇ ಮೊದಲು ಓದಿದ ಸಿದ್ದಿ ಹುಡುಗ ಎಂದು ಅವನ ಬಗ್ಗೆ ಅವರಿಗೆ ಇವತ್ತಿಗೂ ಹೆಮ್ಮೆ.

"ಅದು ತಪ್ಪು. ನಾನೇ ಬರೆದದ್ದು. ತಿದ್ದಿಸುವಾ," ಅಂದರು.

"ತಿದ್ದಬ್ಯಾಡ್ರಿ ಅಂತ ನಾನೇ ಹೇಳಬೇಕು ಸರ. ಫಾರೆಸ್ಟ್ ವಾಚರ್ ಕೆಲಸ ಖಾಯಂ ಮಾಡೋ ಪಟ್ಟಿವಳಗ ಅವನ ಹೆಸರು ಬಂದೈತಿ. ವಯಸ್ಸು ಹೆಚ್ಚಾತಂದ್ರ ಪಟ್ಟಿಯಿಂದ ಹೊರಗ."

ಭಾಗಜ್ಜಿ ಸೆರಗು ಕೊಡವಿ ಎದ್ದೇಬಿಟ್ಟಳು. "ನಂಗೆ ಬೇಡ ತಗಳಿ. ಮಗನ ಹರೆಯ ಕಸ್ಕಂಡು ಉಂಡ್ರೆ ಆ ಅನ್ನ ಗಂಟಲಲ್ಲಿ ಇಳೀತದ್ಯಾ?"

"ಕೂತ್ಕೊ ಮಾರಾಯ್ತಿ," ಮಾಸ್ತರರು ಅಂದರು. "ಮೊಣಕಾಲು ಬಿಟ್ಟೋಗಿದೆ, ಉಪ್ಪಾಗೆ ಹುಳಿಕಾಯಿ ಕೊಯ್ಯೂಕೆ ಮರ ಹತ್ತಲಾಗೂದಿಲ್ಲ ಅಂತ ನಿನ್ನೆ ನೀನೇ ಅಂದದ್ದು."

"ಕಾಲಿನ ಮಾತು ಬಿಡಿ. ಕೇರಿಗೆ ಪೋಸ್ಟಿನವ ಬಂದು ನನ್ನ ಹೆಸ್ರು ಕರೀತಾನೆ ಅಂತ ಆಸೆ ಇತ್ತು." ಅವಳು ಮತ್ತೆ ನಕ್ಕಳು, ಈ ಸಲ ಹಲ್ಲು ಕಾಣಿಸದ ಹಾಗೆ. "ಹುಟ್ಟಿದಾಗ ಹುಡ್ಗಿ, ಆಮೇಲೆ ಚೌಡನ ಹೆಂಡ್ತಿ, ಈಗ ಹುಚ್ಚನ ಅವ್ವ. ಭಾಗೀರಥಿ ಅಂತ ಕರೆದವ್ರು ಯಾರಿದ್ರು?"

ಸಾಲಿನಲ್ಲಿ ಯಾರೂ ನಗಲಿಲ್ಲ.

ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು, "ಅಂದಾನಪ್ಪ, ಊಟ ಮುಗಿಸಿಕೊಳ್ಳಿ. ಬಂದೆ," ಎಂದು ಹೊರಟರು.

ಮನೆಯ ದಾರಿಯುದ್ದಕ್ಕೂ ಅವರಿಗೆ ತಮ್ಮ ಅಜ್ಜಿ ಹೇಳುತ್ತಿದ್ದ ಕತೆಯೊಂದೇ ನೆನಪು. ಒಂದೂರಿನಲ್ಲಿ ಒಂದು ಕೂಸಿತ್ತಡ. ಹೆತ್ತ ಅಬ್ಬೆಗೆ ಜ್ವರ, ಎದೆಯಲ್ಲಿ ಹಾಲಿಲ್ಲ. ಆಗ ಕಾಡಿನಿಂದ ಒಬ್ಬಳು ಕಪ್ಪು ದೇವತೆ ದಿನಾ ಸಂಜೆ ಹಿತ್ತಿಲ ಬಾಗಿಲಿಗೆ ಬಂದು ಕೂಸಿಗೆ ಹಾಲೂಡಿಸಿ, ದೀಪ ಹಚ್ಚುವ ಮೊದಲೇ ಮಾಯವಾಗುತ್ತಿದ್ದಳಡ. "ಅವಳ ಕೂಸು ಎಲ್ಲಿತ್ತು ಅಜ್ಜಿ?" ಎಂದು ಕೇಳಿದರೆ ಅಜ್ಜಿ ಪ್ರತಿಸಲವೂ ಅಲ್ಲಿಗೇ ಕತೆ ನಿಲ್ಲಿಸುತ್ತಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಒಂದು ನಾಗರಪಂಚಮಿಯ ದಿನ, ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ಭಾಗಿಯ ಪಾತ್ರೆಗೆ ಪಾಯಸ ಬಡಿಸುತ್ತ ಅವಳ ಕೈ ಮುಟ್ಟಿದ್ದನ್ನು ಅವರು ಕಂಡಿದ್ದರು. ಯಾರ ಕೈಯನ್ನೂ ಮುಟ್ಟದ ಅಜ್ಜಿ! ಉಳಿದರ್ಧ ಕತೆ ಅವತ್ತು ತಾನಾಗಿಯೇ ತಿಳಿದಿತ್ತು. ನಲವತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ತಿರುಗಿ ಬಂದಾಗ ಅವರ ಕೈಯಲ್ಲಿ ಅರಿಸಿನ ಹಚ್ಚಿದ ಉದ್ದನೆಯ ಕಾಗದದ ಸುರುಳಿಯಿತ್ತು. ಅದನ್ನು ಅಂದಾನಪ್ಪನ ಅರ್ಜಿಯ ಮೇಲೆ ಬಿಡಿಸಿಟ್ಟರು.

"ಇದು ಜಾತಕ ಐತ್ರಿ. ನಿಮ್ಮದು."

"ಹೌದು. ಮನ್ಮಥ ಸಂವತ್ಸರ, ಕಾರ್ತಿಕ ಮಾಸ. ಅಂದರೆ ಐವತ್ತೈದನೇ ಇಸವಿ. ಶಾಲೆಯಲ್ಲಿ ನನ್ನದೂ ಜೂನ್ ಒಂದೇ, ಅದನ್ನ ನಂಬಬೇಡಿ."

"ನಂದೂ ಜೂನ್ ಒಂದ ಸರ," ಅಂದಾನಪ್ಪ ಮೆಲ್ಲಗೆ ಅಂದ.

"ನನ್ನ ಅಬ್ಬೆಗೆ ಹಾಲಿರಲಿಲ್ಲ. ನಾಲ್ಕು ತಿಂಗಳು ನಾನು ಬದುಕಿದ್ದು ಈ ಭಾಗೀರಥಿಯ ಎದೆಹಾಲಿನಲ್ಲಿ."

ಕಂಬಕ್ಕೆ ಒರಗಿದ್ದ ಪಂಚಾಯ್ತಿ ಮೆಂಬರು ವಿಘ್ನೇಶ್ವರ ಭಟ್ಟರು ನೆಟ್ಟಗಾದರು. ಮಾಸ್ತರರಿಗೆ ಅವರು ದೂರದ ಸಂಬಂಧ. "ಮನೆ ಒಳಗಿನ ವಿಷ್ಯ ಜಗಲಿಗೆ ಎಂತಕೆ ತಂದು ಹಾಕದು, ಕಮಲಾಕರ? ನಿನ್ನ ಅಜ್ಜಿ ಎಷ್ಟು ಮುಚ್ಚಿ ಜತನ ಮಾಡಿತ್ತು!"

"ಹಾಲು ಕುಡದ್ದು ಆನು, ಭಾವ. ಹೇಳವನೂ ಆನೇಯ."

ಅವರು ಅಂದಾನಪ್ಪನ ಕಡೆ ತಿರುಗಿದರು. "ನಿಮ್ಮ ಓಟಿನ ಕಾರ್ಡಿನ ಪ್ರಕಾರ ಆಗ ಇವಳಿಗೆ ಮೂರು ವರ್ಷ. ಮೂರು ವರ್ಷದ ಹುಡುಗಿ ನನಗೆ ಹಾಲು ಕುಡಿಸಿದಳಾ? ಒಂದು ಹೆತ್ತಿದ್ದರೆ ತಾನೆ ಹಾಲು? ಹದಿನೈದಕ್ಕೆ ಹೆತ್ತಳು ಅಂತ ಹಿಡಿದರೂ ಈಗ ಅರವತ್ತೇಳು. ಹುಚ್ಚನ ದಾಖಲೆ ಮುಟ್ಟುವುದೇ ಬೇಡ. ಬರೆಯಿರಿ, ನಾನು ಸಹಿ ಹಾಕುತ್ತೇನೆ."

ಅಂದಾನಪ್ಪ ಜಾತಕದ ಸಂವತ್ಸರವನ್ನು ಇನ್ನೊಮ್ಮೆ ಓದಿಕೊಂಡ. ಆಮೇಲೆ ಬ್ಯಾಗಿನಿಂದ ಬಿಳಿ ಹಾಳೆ ತೆಗೆದು, "ಪಂಚನಾಮೆ ಮಾಡ್ತೀನ್ರಿ. ಇದನ್ನ ನೋಡಿ ಡಾಕ್ಟರು ವಯಸ್ಸಿನ ಸರ್ಟಿಫಿಕೇಟ್ ಕೊಡ್ತಾರ. ನಾಳೆ ನಾನೇ ಕರಕೊಂಡು ಹೋಗ್ತೀನಿ," ಎಂದು ಬರೆಯತೊಡಗಿದ. ನಡುವೆ ತಲೆಯೆತ್ತಿದ. "ಆಯಿ, ಮಕ್ಕಳು ಎಷ್ಟು ಅಂದಾಗ ಒಂದು ಅಂದಿದ್ರಿ."

ಭಾಗಜ್ಜಿ ಜಗಲಿಯ ಸಗಣಿ ನೆಲವನ್ನು ಬೆರಳಿನಿಂದ ಗೀರುತ್ತಿದ್ದಳು. "ಎರಡು ಬರ್ಕಳಿ. ಮೊದಲಿನದು ಹೆಣ್ಣು. ಒಂಬತ್ತು ದಿನ ಇತ್ತು."

"ಹೆಸರು?"

"ಇಟ್ಟಿರಲಿಲ್ಲ."

ಅಂದಾನಪ್ಪ ಅಲ್ಲಿ ಗೆರೆ ಎಳೆಯಲಿಲ್ಲ, ಜಾಗ ಖಾಲಿ ಬಿಟ್ಟ. ಮಾಸ್ತರರು ಸಹಿ ಹಾಕಿದರು. ಎರಡನೇ ಸಾಕ್ಷಿಯ ಸಹಿ ಬೇಕಿತ್ತು. ಭಟ್ಟರು ಮುಂದೆ ಬಂದರು. "ಎಲ್ಲಿ, ಇತ್ಲಾಗೆ ಕೊಡಿ," ಎಂದು ಹಾಳೆ ಎಳೆದುಕೊಂಡು, ಕನ್ನಡಕವಿಲ್ಲದ್ದರಿಂದ ದೂರ ಹಿಡಿದು ಓದಿ, ಸಹಿ ಹಾಕಿದರು.

"ಅಪ್ಪೀ," ಎಂದಳು ಭಾಗಜ್ಜಿ. ಎಲ್ಲರೆದುರು ಅವಳು ಮಾಸ್ತರರನ್ನು ಹಾಗೆ ಕೂಸಿನಂತೆ ಕರೆದದ್ದು ಅದೇ ಮೊದಲು. "ಸಣ್ಣವ ಇದ್ದಾಗ್ಲೂ ನೀ ಹೀಂಗೇ. ಹಿಡ್ದದ್ದು ಬಿಡ್ತಿರ್ಲಿಲ್ಲ." ಜಗಲಿಗೆ ಜಗಲಿಯೇ ನಕ್ಕಿತು, ಮಾಸ್ತರರು ಕೆಂಪಾಗಿ ಜಾತಕ ಸುತ್ತಿಕೊಂಡರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಪೋಸ್ಟ್‌ಮನ್ ಕೆರಿಯಪ್ಪ ಹಳ್ಳದ ಆಚೆ ಸೈಕಲ್ ನಿಲ್ಲಿಸಿ, ಕಾಲುಸಂಕ ದಾಟುವ ಮೊದಲೇ ಕೂಗಿದ.

"ಭಾಗೀರಥಿ ಚೌಡ ಸಿದ್ದೀ!"

ಭಾಗಜ್ಜಿ ಮಳೆಗಾಲದ ಉಪ್ಪಾಗೆ ಸಿಪ್ಪೆಯನ್ನು ಅಂಗಳದಲ್ಲಿ ಮತ್ತೆ ಬಿಸಿಲಿಗೆ ಹರವುತ್ತಿದ್ದಳು. ಕೈ ನಿಂತಿತು. ಒಳಗಿನಿಂದ ಸೊಸೆ, "ಅತ್ತೇ, ನಿಮ್ಮನ್ನೇ ಕರಿಯೂದು, ಹೂಂ ಅನ್ನಿ," ಎಂದಳು.

"ಸುಮ್ನಿರೇ. ಕಾಡಲ್ಲಿ ಒಂದೇ ಕೂಗಿಗೆ ಓಗೊಡಬಾರ್ದು. ದೆವ್ವ ಆದ್ರೆ ಒಂದೇ ಸಲ ಕೂಗ್ತದೆ, ಮನುಷ್ಯ ಆದ್ರೆ ಮೂರು ಸಲ."

ಸಂಕದ ಮೇಲೆ ಹೆಜ್ಜೆಯ ಸದ್ದಾಯಿತು. ಎರಡನೇ ಕೂಗು ಬಂತು. ಭಾಗಜ್ಜಿ ಕೈಯನ್ನು ಸೀರೆಗೆ ಒರೆಸಿಕೊಂಡು, ಕೂದಲು ಸವರಿ, ಕಣ್ಣು ಮುಚ್ಚಿ ಮೂರನೆಯದಕ್ಕಾಗಿ ಕಾಯುತ್ತ ನಿಂತಳು.