ಮಗಳು ಹಾಕಿದ ಐದು ಸಹಿ

ಎಂಟು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಆ ಕೋಣೆಯಲ್ಲಿ ನನ್ನ ಹೆಂಡತಿ ಇಪ್ಪತ್ತಾರು ವರ್ಷ ಬಟ್ಟೆ ಹೊಲಿದಳು. ಗಿರಾಕಿಗಳ ಮಕ್ಕಳು ಬೆಳೆದ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ದೇವರು ಅವಳನ್ನು ಕರೆಸಿಕೊಂಡ ಮೇಲೆ ಮಗಳು ಅದೇ ಯಂತ್ರದ ಮುಂದೆ ಕೂತಳು. ಗೋಡೆಗೆ ಸುಣ್ಣ ಹೊಡೆಸಿದಾಗಲೂ ಚೌಕಟ್ಟನ್ನು ಮುಟ್ಟಗೊಡಲಿಲ್ಲ.

ಕೋಣೆ ಬಾಡಿಗೆಯದು. ಮಾಲೀಕರು ಮಾರಲು ಹೊರಟರು. ಎರಡು ತಿಂಗಳಲ್ಲಿ ಹಣ ಹೊಂದಿಸಿದರೆ ನಿಮಗೇ, ಇಲ್ಲದಿದ್ದರೆ ಪಕ್ಕದ ಔಷಧಿ ಅಂಗಡಿಯವನಿಗೆ ಎಂದರು. ಮಗಳು ಹೆದರಲಿಲ್ಲ. ಯಂತ್ರಕ್ಕೆ ತೆಗೆದ ಸಾಲವನ್ನು ಅವಳು ಒಂದು ಕಂತೂ ತಪ್ಪದೆ ತೀರಿಸಿದ್ದಳು. ಸಾಲ ಕೊಡಲು ಬ್ಯಾಂಕು ಕೇಳುತ್ತಿದ್ದ ಕನಿಷ್ಠ ಕ್ರೆಡಿಟ್ ಸ್ಕೋರು ಏಳುನೂರ ಐವತ್ತು. ಅವಳದು ಏಳುನೂರ ಅರವತ್ತೆಂಟು.

ಆ ವಾರವೇ ಮಗ ಬಂದ. ಅವನು ಐದು ಬ್ಯಾಂಕುಗಳ ಕ್ರೆಡಿಟ್ ಕಾರ್ಡು ಮಾರುವ ಕಂಪನಿಯಲ್ಲಿದ್ದಾನೆ. ತಿಂಗಳ ಕೊನೆಯಲ್ಲಿ ಅರ್ಜಿ ಕಡಿಮೆ ಬಿದ್ದರೆ ಅಲ್ಲಿಯವರೆಲ್ಲ ಮನೆಯವರಿಂದ ತುಂಬಿಸುವುದು ವಾಡಿಕೆ. ಆಫೀಸಿನಲ್ಲಿ ಅದಕ್ಕೆ ‘ನೆಂಟರ ವಾರ’ ಎನ್ನುತ್ತಾರಂತೆ. ಅವನಿಗೆ ಐದು ಕಡಿಮೆ ಇದ್ದವು, ಕೆಲಸ ಹೋಗುವುದರಲ್ಲಿತ್ತು. ನನಗೆ ವಯಸ್ಸು ಮೀರಿತ್ತು, ಅವನ ಹೆಂಡತಿಯಿಂದ ಹಿಂದಿನ ತಿಂಗಳೇ ಸಹಿ ಹಾಕಿಸಿದ್ದ. ಉಳಿದವಳು ತಂಗಿ. ಕಾರ್ಡು ಬಂದರೆ ಕತ್ತರಿಸಿ ಬಿಸಾಕು, ಬರದಿದ್ದರೆ ಇನ್ನೂ ಒಳ್ಳೆಯದು ಎಂದ.

ಸಾಲ ಕೇಳಬೇಕಿರುವಾಗ ಇದೆಲ್ಲ ಬೇಕಾ ಎಂದು ಅವಳು ಅನುಮಾನಿಸಿದಳು. ನಾನೇ ಹೇಳಿದೆ:

“ಅಣ್ಣ ಅಲ್ವೇನಮ್ಮ. ಸಹಿ ತಾನೇ, ಹಾಕು.”

ಅವಳು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಐದು ಸಹಿ ಹಾಕಿದಳು.

ಮುಂದಿನ ತಿಂಗಳು ಬ್ಯಾಂಕಿನಲ್ಲಿ ಅಧಿಕಾರಿ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ಸ್ಕೋರು ಏಳುನೂರ ಮೂವತ್ತೊಂದಕ್ಕೆ ಇಳಿದಿತ್ತು. ಪ್ರತಿ ಅರ್ಜಿಗೂ ಒಂದೊಂದು ಬ್ಯಾಂಕು ನಿಮ್ಮ ಕಡತ ತೆರೆದು ನೋಡುತ್ತದೆ, ಹಾಗೆ ನೋಡಿದ್ದೆಲ್ಲ ದಾಖಲಾಗುತ್ತದೆ, ಒಂದೇ ವಾರದಲ್ಲಿ ಐದು ಕಡೆ ಕೈಚಾಚಿದವರನ್ನು ಕಂಡರೆ ಇವರಿಗೆ ಹಣದ ಬಿಕ್ಕಟ್ಟಿದೆ ಎಂದು ತಿಳಿಯುತ್ತಾರೆ ಎಂದು ವಿವರಿಸಿದರು. ಕಾರ್ಡು ಒಂದೂ ಬಂದಿಲ್ಲವೆಂದು ಮಗಳು ಹೇಳಿದಳು. ಬರದಿದ್ದರೂ ಅರ್ಜಿ ಅರ್ಜಿಯೇ ಎಂದರು. ಒಳ್ಳೆಯ ಮನುಷ್ಯ, ಹೊಸ ಅರ್ಜಿ ಹಾಕದೆ ಆರು ತಿಂಗಳು ಸುಮ್ಮನಿರಿ, ತಾನಾಗಿ ಏರುತ್ತದೆ ಎಂದು ಧೈರ್ಯವನ್ನೂ ಹೇಳಿದರು. ಮಾಲೀಕರು ಗಡುವು ಮೀರಿ ಆರು ದಿನವೂ ಕಾಯುವವರಾಗಿರಲಿಲ್ಲ.

ಹೊರಗೆ ಬಂದ ಮೇಲೆ ಮಗಳು ಅಂದದ್ದು ಇಷ್ಟೇ: “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ, ಅಪ್ಪ.”

ಆ ಸಂಜೆ ಮಗನ ಮನೆಗೆ ಹೋದೆ. ಕೆಲಸ ಉಳಿದಿತ್ತು, ಕಂಪನಿ ಕೊಟ್ಟ ಗೋಡೆ ಗಡಿಯಾರಕ್ಕೆ ಮೊಳೆ ಹೊಡೆಯುತ್ತಿದ್ದ. ಇದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

“ಗೊತ್ತಿರುತ್ತಪ್ಪ. ಗಿರಾಕಿಗೆ ಅದನ್ನೆಲ್ಲ ಯಾರಾದ್ರೂ ಹೇಳ್ತಾರಾ?”

“ಅವಳು ಗಿರಾಕಿನೇನೋ?”

ಅವನು ಮತ್ತೆ ಸುತ್ತಿಗೆ ಎತ್ತಿಕೊಂಡ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಔಷಧಿ ಅಂಗಡಿಯವನು ನಡುಗೋಡೆ ಒಡೆದ. ಚೌಕಟ್ಟಿನ ಮರವನ್ನಾದರೂ ಕೊಡಿ ಎಂದು ಕೇಳಲು ಹೋದಾಗ ಗುಜರಿಯವನು ಒಯ್ದಾಗಿತ್ತು. ಮಗಳು ಈಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಎಡತೋಳು ಮಾತ್ರ ಹೊಲಿಯುತ್ತಾಳೆ, ಬಲತೋಳು ಇನ್ನೊಬ್ಬಳದು. ದೇವರ ಮುಂದೆ ಕೂತಾಗ ಮಗನನ್ನು ಕ್ಷಮಿಸು ಎಂದು ಬೇಡಿಕೊಳ್ಳುತ್ತೇನೆ. ಸಹಿ ಹಾಕು ಎಂದವನ ವಿಷಯ ಎತ್ತಲು ಇನ್ನೂ ಬಾಯಿ ಬಂದಿಲ್ಲ.

ಮೊನ್ನೆ ಬೆಳಿಗ್ಗೆ ಅವಳ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಸ್ಕೋರು ಏಳುನೂರ ಎಪ್ಪತ್ತು.

“ಈಗ ಸಾಲ ಕೊಡ್ತಾರಂತೆ ಅಪ್ಪ,” ಎಂದಳು. “ಯಾವುದಕ್ಕೆ ಅಂತ ಕೇಳ್ಲಿ?”

ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ಕಾರ್ಖಾನೆಯ ಬಸ್ಸು ತಿರುವಿನಲ್ಲಿ ಹಾರನ್ ಮಾಡುತ್ತಿತ್ತು.