ನಿಮಿಷಕ್ಕೆ ನಲವತ್ತನಾಲ್ಕು

ಶಾಲೆಯ ನರ್ಸ್ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದರು. ನಲವತ್ತನಾಲ್ಕೇ. ಎದುರಿಗೆ ಕೂತಿದ್ದವಳು ಹದಿನಾರರ ಹುಡುಗಿ, ಎಂಟುನೂರು ಮೀಟರ್ ಓಟಗಾರ್ತಿ. ಮನೆಯಲ್ಲೂ ಮೈದಾನದಲ್ಲೂ ಅವಳನ್ನು ಜಿಂಕೆ ಎಂದೇ ಕರೆಯುತ್ತಿದ್ದರು.

'ಡಾಕ್ಟರಿಗೆ ತೋರಿಸಿ' ಎಂಬ ಚೀಟಿ ಕೈಗೆ ಬಂದಾಗಿನಿಂದ ಅಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಟ್ಟೆ ಹೊಲಿಯುವುದು ಅವಳ ಕಸುಬು. ಆ ಮಧ್ಯಾಹ್ನ ಯಾರದೋ ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಬಲಕ್ಕೇ ಹೊಲಿದಳು. ಹತ್ತು ನಿಮಿಷಕ್ಕೊಮ್ಮೆ ಎದ್ದು ಬಂದು ಮಗಳ ಕೈ ಹಿಡಿಯುತ್ತಿದ್ದಳು.

"ಬಿಡಮ್ಮಾ, ಓಡೋರಿಗೆಲ್ಲ ನಿಧಾನಾನೇ ಇರುತ್ತೆ. ಕೋಚ್ ಹೇಳಿದ್ದಾರೆ."

"ನಿನ್ನ ಹೆತ್ತೋಳು ನಾನಾ, ನಿಮ್ಮ ಕೋಚಾ? ತೆಪ್ಪಗೆ ಕೂತ್ಕೋ, ಎಣಿಕೆ ತಪ್ಪುತ್ತೆ."

ಮರುದಿನ ಡಾಕ್ಟರಮ್ಮ ಹುಡುಗಿಯನ್ನು ಮಲಗಿಸಿ ಇಸಿಜಿ ತೆಗೆದರು. ಕಾಗದದ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರು.

"ಇದರಲ್ಲಿ ದೋಷ ಏನೂ ಕಾಣ್ತಿಲ್ಲ. ಓಡಿ ಓಡಿ ಹೃದಯ ಗಟ್ಟಿಯಾದ್ರೆ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತೆ. ಸುಮ್ನೆ ಕೂತಾಗ ಕಮ್ಮಿ ಸಲ ಬಡಿದ್ರೂ ಸಾಕಾಗುತ್ತೆ. ಇಂಥ ಮಕ್ಕಳಲ್ಲಿ ಐವತ್ತು, ಕೆಲವರಲ್ಲಿ ಇನ್ನೂ ಕಮ್ಮಿ ಇರುತ್ತೆ."

ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಡಾಕ್ಟರಮ್ಮ ಪೆನ್ನು ಕೆಳಗಿಡಲಿಲ್ಲ.

"ಬರೀ ಸಂಖ್ಯೆ ನೋಡಿ ತೀರ್ಮಾನ ಮಾಡೋಕಾಗಲ್ಲ. ತಲೆಸುತ್ತು ಬರುತ್ತಾ? ಹೊಟ್ಟೆ ತುಂಬ ತಿಂತೀಯಾ? ಮುಟ್ಟು ಸರಿಯಾಗಿ ಆಗುತ್ತಾ?"

"ಎಲ್ಲಾ ಸರಿಯಾಗಿದೆ," ಎಂದಳು ಜಿಂಕೆ, ನೆಲ ನೋಡುತ್ತಾ.

ಅಮ್ಮ ಕೈಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದಳು. "ಮೂರು ತಿಂಗಳಲ್ಲಿ ಎರಡು ಸಲ ಇವಳ ಬಟ್ಟೆಯ ಸೊಂಟ ಕಿರಿದು ಮಾಡಿದೀನಿ, ಡಾಕ್ಟ್ರೇ. ಓಟಕ್ಕೆ ಕರಗಿದಾಳೆ ಅಂದ್ಕೊಂಡೆ."

ಹುಡುಗಿಯ ಕಣ್ಣು ತುಂಬಿತು. "ಹಗುರ ಆದ್ರೆ ಎರಡು ಸೆಕೆಂಡ್ ಉಳಿಯುತ್ತೆ ಅಂದ್ರು ಕೋಚ್. ಊಟದ ಡಬ್ಬಿ ಗೆಳತಿಗೆ ಕೊಡ್ತಿದ್ದೆ. ಮುಟ್ಟು ನಿಂತೇ ಮೂರು ತಿಂಗಳಾಯ್ತು."

"ಹೊಟ್ಟೆಗಿಲ್ಲದಿದ್ರೂ ಹೃದಯ ನಿಧಾನ ಆಗುತ್ತೆ, ಮಗು. ನಿಂದು ಎರಡೂ ಸೇರಿರಬಹುದು," ಎಂದು ಡಾಕ್ಟರಮ್ಮ ರಕ್ತಪರೀಕ್ಷೆಗೆ ಬರೆದರು. ಊಟದ ಪಟ್ಟಿ ಕೊಟ್ಟರು. ತಾವು ಹೇಳುವವರೆಗೂ ಓಟ ಬಂದ್ ಎಂದರು.

ಮನೆ ಕಲ್ಲು ಬಿದ್ದ ಜೇನುಗೂಡಿನಂತಾಯಿತು. ಜಿಂಕೆ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ತಿರುಗಿದಳು, ತಟ್ಟೆ ದೂಡಿದಳು, ಅತ್ತಳು. ಅಮ್ಮ ಬೈಯಲಿಲ್ಲ. ತನ್ನ ತಟ್ಟೆಯನ್ನೂ ತಂದು ಎದುರಿಗೆ ಕೂತಳು. ಮಗಳು ತಿನ್ನುವವರೆಗೂ ತಾನೂ ತುತ್ತು ಎತ್ತಲಿಲ್ಲ.

ಒಂದು ಸಂಜೆ ಕೋಚ್ ಬಂದು ಬಾಗಿಲಲ್ಲೇ ನಿಂತರು. "ತೂಕದ ಮಾತು ಆಡಿದ್ದು ನನ್ನ ತಪ್ಪು, ಅಕ್ಕ."

"ನನಗಲ್ಲ, ಅವಳಿಗೆ ಹೇಳಿ," ಎಂದಳು ಅಮ್ಮ.

ಅವರು ಒಳಗೆ ಹೋಗಿ ಹೇಳಿದರು.

ಮೂರನೇ ತಿಂಗಳಿಗೆ ಮುಟ್ಟು ಮರಳಿತು, ನಾಡಿ ಐವತ್ತೆರಡಕ್ಕೆ ಬಂತು. ಡಾಕ್ಟರಮ್ಮ ಒಂದೇ ಸುತ್ತು ಓಡಲು ಒಪ್ಪಿದರು. ಜಿಂಕೆ ಅದನ್ನು ಮುಗಿಸಿ ಅಮ್ಮನ ಮುಂದೆ ಬಂದು ನಿಂತಳು.

"ಇನ್ನೊಂದೇ ಸುತ್ತು?"

"ಊಹೂಂ."

ಅವಳು ಮುಖ ಗಂಟಿಕ್ಕಿಕೊಂಡು ಹುಲ್ಲಿನ ಮೇಲೆ ಕೂತಳು. ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು.